ಬೇಲಿಯೇ ಎದ್ದು ಹೊಲ ಮೇಯ್ದಾಗ

ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗನಾದ ಅಗಸ್ಟಸ್ ಡೆಸ್ಟೆ 1822ರ ಡಿಸೆಂಬರಿನಲ್ಲಿ ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬನನ್ನು ಕಾಣಲು ಸ್ಕಾಟ್ಲೆಂಡಿನ ಬೆಟ್ಟಸೀಮೆಗೆ ಹೋದ. ಹೋಗುವಷ್ಟರಲ್ಲಿ ಆ ಬಂಧು ತೀರಿಕೊಂಡಿದ್ದ. ಶವಸಂಸ್ಕಾರ ಮುಗಿದ ಕೂಡಲೇ ಅಗಸ್ಟಸನ ಕಣ್ಣು ಮಂಜಾಯಿತು. ಕಾಗದಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಯಾವ ಔಷಧವೂ ಇಲ್ಲದೆ ದೃಷ್ಟಿ ಮರಳಿತು, ಮತ್ತೆ ಕುಂದಿತು. ಮುಂದೆ ಕಾಲಿನ ಬಲ ಹೋಯಿತು, ಊರುಗೋಲು ಬಂದಿತು, ಕೊನೆಗೆ ಗಾಲಿಕುರ್ಚಿ ಬಂದಿತು. ಇದೆಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟು ಆತ 1848ರಲ್ಲಿ ತೀರಿಕೊಂಡ. ತನ್ನನ್ನು ಕಾಡಿದ ರೋಗ ಯಾವುದೆಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

ಅದನ್ನು ಪ್ರತ್ಯೇಕ ರೋಗವೆಂದು ಖಚಿತವಾಗಿ ಗುರುತಿಸಿದವನು ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಶಾರ್ಕೊ, 1868ರಲ್ಲಿ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಮಿದುಳು, ಬೆನ್ನುಹುರಿಗಳಲ್ಲಿ ಈ ಹೊದಿಕೆ ಅಲ್ಲಲ್ಲಿ ಕಳಚಿ, ಆ ತಾಣಗಳು ಗಡುಸಾದ ಮಚ್ಚೆಗಳಾಗುತ್ತವೆ. ‘ಮಲ್ಟಿಪಲ್ ಸ್ಕ್ಲೆರೋಸಿಸ್’ ಎಂಬ ಹೆಸರಿನ ಅರ್ಥ ಇದೇ. ರೋಗದ ತಾಣವನ್ನು ಶಾರ್ಕೊ ತೋರಿಸಿದ, ಕಾರಣವನ್ನು ತೋರಿಸಲಾಗಲಿಲ್ಲ.

ಕಾರಣದ ಮೊದಲ ಸುಳಿವು ದೊರೆತುದು ಯಾರೂ ಎಣಿಸದ ದಿಕ್ಕಿನಿಂದ. 1885ರಲ್ಲಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಹಾಕಿದನಷ್ಟೆ. ಅದನ್ನು ಮೊಲದ ಬೆನ್ನುಹುರಿಯಿಂದ ತಯಾರಿಸುತ್ತಿದ್ದರು. ನಮ್ಮ ದೇಶದಲ್ಲಿ ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಲಸಿಕೆಗೆ ಕುರಿಯ ಮಿದುಳು ಬಳಕೆಯಾಯಿತು. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಎಂದರೆ ಹಿರಿಯ ಓದುಗರಿಗೆ ಅದು ಈಗಲೂ ನೆನಪಾಗದಿರದು. ಅಸಂಖ್ಯ ಜೀವಗಳನ್ನು ಉಳಿಸಿದ ಈ ಬಗೆಯ ಲಸಿಕೆಯಿಂದ ಕೆಲವರಿಗೆ, ಹುಚ್ಚುರೋಗದ ಸೋಂಕೇ ಇಲ್ಲದೆ, ಲಕ್ವ ಹೊಡೆಯುತ್ತಿದ್ದಿತು. ತಪ್ಪು ರೋಗದ ವಿಷದ್ದೋ, ಜೊತೆಗೆ ಸೇರಿದ ಮಿದುಳಿನದ್ದೋ? ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ 1930ರ ದಶಕದಲ್ಲಿ ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನೇ ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿ ನೋಡಿದ. ಕೋತಿಗಳಿಗೆ ಲಕ್ವ ಹೊಡೆಯಿತು. ಅವುಗಳ ನರಗಳ ಹೊದಿಕೆ ಕಳಚಿದ್ದಿತು. ಪರಕೀಯ ಮಿದುಳಿನ ಮೇಲೆ ಎದ್ದ ದೇಹದ ಕಾವಲುಪಡೆ ತನ್ನ ಮಿದುಳನ್ನೇ ಹಗೆಯೆಂದು ಬಗೆದಿದ್ದಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೆ?

ಆದರೆ ಅಗಸ್ಟಸನಂಥವರಿಗೆ ಯಾರೂ ಮಿದುಳಿನ ಸಾರವನ್ನು ಚುಚ್ಚಿರಲಿಲ್ಲ. ಅವರ ದೇಹವೇಕೆ ಹೀಗೆ ಮರುಳಾಯಿತು? ಉತ್ತರವನ್ನು ವಂಶದಲ್ಲಿ ಹುಡುಕಿದರು. 1972ರಲ್ಲಿ, ‘ತನ್ನದು’ ‘ಪರರದು’ ಎಂಬ ಗುರುತು ಹಚ್ಚಲು ನೆರವಾಗುವ ಎಚ್‌ಎಲ್‌ಎ ವರ್ಗದ ಕೆಲವು ಗುರುತುಗಳು ಈ ರೋಗಿಗಳಲ್ಲಿ ಹೆಚ್ಚಾಗಿರುವುದು ಕಂಡುಬಂದಿತು. 2007ರಲ್ಲಿ ಇನ್ನೆರಡು ಜೀನುಗಳು ಸೇರಿದವು. 2019ರ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ತಾಣಗಳು ದೊರೆತವು. ಬಹುಮಟ್ಟಿಗೆ ಇವೆಲ್ಲ ಕಾವಲುಪಡೆಗೇ ಸಂಬಂಧಿಸಿದವು. ಆದರೂ ವಂಶವೇ ವಿಧಿಯಲ್ಲ. ಒಂದೇ ಬಗೆಯ ಜೀನುಗಳುಳ್ಳ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರ. ಹಾಗಾದರೆ ಹೊರಗಿನ ಕೈವಾಡವೊಂದು ಇರಲೇಬೇಕು.

ಅದು 2022ರಲ್ಲಿ ಸ್ಪಷ್ಟವಾಯಿತು. ಅಮೆರಿಕದ ಒಂದು ಕೋಟಿಗೂ ಮಿಕ್ಕ ಸೈನಿಕರ ದಾಖಲೆಗಳನ್ನು ಹಾರ್ವರ್ಡ್ ವಿದ್ವಾಂಸರು ಪರಿಶೀಲಿಸಿದರು. ಎಪ್‌ಸ್ಟೈನ್–ಬಾರ್ ಎಂಬ ವೈರಸ್ ಸೋಂಕಿದ ಮೇಲೆ ಈ ರೋಗದ ಸಂಭವ 32 ಪಟ್ಟು ಏರುತ್ತಿದ್ದಿತು. ಅದೇ ವರ್ಷ, ಆ ವೈರಸಿನ ಒಂದು ಪ್ರೋಟೀನಿನ ತುಣುಕು ಮಿದುಳಿನ ಪ್ರೋಟೀನೊಂದನ್ನು ಹೋಲುವುದೆಂದು ಸ್ಟ್ಯಾನ್‌ಫರ್ಡಿನವರು ತೋರಿಸಿದರು. ವೇಷ ಮರೆಸಿಕೊಂಡ ಕಳ್ಳನನ್ನು ಅಟ್ಟಿ ಬಂದ ತಳವಾರ, ಅದೇ ಮುಖಚರ್ಯೆಯ ಮನೆಯವನನ್ನು ಹೊಡೆದಂತಾಯಿತು! ಆದರೆ ವಯಸ್ಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೂ ಹೆಚ್ಚು ಜನರಲ್ಲಿ ಈ ವೈರಸ್ ಇದೆ. ರೋಗ ಬರುವುದು ಕೆಲವೇ ಜನಕ್ಕೆ. ಒಂಟಿ ಕೈಯಿಂದ ಚಪ್ಪಾಳೆಯಾಗದು.

ಇಂಥ ಕೆಡುಕಿನ ಜೀನುಗಳು ಅಳಿಯದೆ ಉಳಿದುದೇಕೆ? 2024ರಲ್ಲಿ ಪ್ರಕಟವಾದ ಪ್ರಾಚೀನ ಎಲುಬುಗಳ ಅಧ್ಯಯನದಂತೆ, ಸುಮಾರು ಐದು ಸಾವಿರ ವರ್ಷಗಳ ಹಿಂದೆ ಯೂರೇಷ್ಯದ ಹುಲ್ಲುಗಾವಲುಗಳಿಂದ ಬಂದ ಯಾಮ್ನಾಯ ಪಶುಪಾಲಕರು ಅವನ್ನು ಯುರೋಪಿಗೆ ತಂದರು. ದನಕರುಗಳ ನಡುವೆ ಬಾಳಿದವರಿಗೆ ಸೋಂಕುಗಳಿಂದ ಅವು ರಕ್ಷೆಯಾಗಿದ್ದಿರಬೇಕು. ಅಂದಿನ ಕವಚವೇ ಇಂದು ಮೈಗೆ ಚುಚ್ಚುವ ಮುಳ್ಳಾಗಿದೆ.

ನಮ್ಮಲ್ಲಿ ಈ ರೋಗ ಅತಿ ವಿರಳವೆಂಬ ನಂಬಿಕೆಯಿದ್ದಿತು. 2014ರಲ್ಲಿ ಪ್ರಕಟವಾದ ಮಂಗಳೂರಿನ ಗಣತಿಯಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿ ಕಂಡುಬಂದರು. ಯುರೋಪಿನ ಬಡಗಣ ನಾಡುಗಳಿಗೆ ಹೋಲಿಸಿದರೆ ಇದು ಅಲ್ಪ. ಆದರೆ ಆ ಎಂಟು ಮನೆಗಳಿಗೆ ಅಲ್ಪವಲ್ಲ. ಬಹುಪಾಲು ರೋಗಿಗಳು ಇಪ್ಪತ್ತರಿಂದ ನಲವತ್ತರ ಪ್ರಾಯದವರು. ಗಂಡಸರಿಗಿಂತ ಹೆಂಗಸರೇ ಹೆಚ್ಚು. ಒಮ್ಮೆ ಮಂಜಾಗಿ ತಾನೇ ತಿಳಿಯಾದ ಕಣ್ಣನ್ನು, ಜೋಮು ಹಿಡಿದು ಬಿಟ್ಟ ಕಾಲನ್ನು ‘ನಿಶ್ಶಕ್ತಿ’ಯೆಂದು ತಳ್ಳಿಹಾಕುವುದು ಸುಲಭ. 1993ರಲ್ಲಿ ಇಂಟರ್‌ಫೆರಾನ್ ಬಂದಿತು. 2017ರಿಂದ, ಆ ವೈರಸ್ ಅಡಗಿ ಕೂರುವ ‘ಬಿ’ ರಕ್ತಕಣಗಳನ್ನೇ ತೆಗೆದುಹಾಕುವ ಔಷಧವೂ ಬಂದಿದೆ. ಅವು ರೋಗವನ್ನು ಕಿತ್ತೊಗೆಯುವುದಿಲ್ಲ, ಅದರ ಓಟಕ್ಕೆ ತಡೆಯೊಡ್ಡುತ್ತವೆ. ಬೇಗ ಕೊಟ್ಟಷ್ಟೂ ಹೆಚ್ಚು ಉಳಿಸುತ್ತವೆ. ರಾಜನ ಮೊಮ್ಮಗನಿಗೂ ದಕ್ಕದ ಈ ಅವಕಾಶ ಇಂದಿನವರಿಗೆ ಕೈತಪ್ಪಬಾರದು.