ತಳಿ, ತಂತ್ರಾಂಶ ಮತ್ತು ಸೆಕ್ಷನ್ 3

ಯಾವುದು ಆವಿಷ್ಕಾರವಲ್ಲ ಎಂಬುದನ್ನು ಭಾರತದ ಪೇಟೆಂಟ್ ಕಾಯ್ದೆಯ ಮೂರನೇ ಸೆಕ್ಷನ್ ಪಟ್ಟಿ ಮಾಡುತ್ತದೆ. 1970ರ ಮೂಲ ಕಾಯ್ದೆಯ ಪಟ್ಟಿಯಲ್ಲಿ ಬೇಸಾಯ, ತೋಟಗಾರಿಕೆಯ ವಿಧಾನಗಳಿದ್ದವು. ಕಂಪ್ಯೂಟರಿನ ಸುದ್ದಿಯೇ ಇರಲಿಲ್ಲ. 2002ರ ತಿದ್ದುಪಡಿ ಆ ಪಟ್ಟಿಗೆ ಗಿಡ, ಬೀಜ, ತಳಿಗಳನ್ನು ಸೇರಿಸಿತು. ಅದರ ಬೆನ್ನಿಗೇ ಬಂದ ಮುಂದಿನ ಉಪವಿಧಿ 3(ಕೆ): ಗಣಿತದ ಹಾಗೂ ವ್ಯವಹಾರದ ವಿಧಾನ, ಆಲ್ಗಾರಿದಮ್, ‘ಕಂಪ್ಯೂಟರ್ ಪ್ರೋಗ್ರಾಂ ಪರ್ ಸೆ’. ಎರಡೂ 2003ರ ಮೇ 20ರಿಂದ ಜಾರಿಯಾದವು. ಆನೇಮಹಲ್ ಸುತ್ತಿನ ಸಕಲೇಶಪುರ–ಆಲೂರು ಸೀಮೆಯ ಕಾಫಿ ಬೆಳೆಗಾರನೂ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಿಯೂ ಹೀಗೆ ಒಂದೇ ಸೆಕ್ಷನ್ನಿನಲ್ಲಿ ನೆರೆಹೊರೆಯವರಾದರು.

ಬೆಳೆಗಾರನಿಗೆ ಇದರಿಂದ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ ಅರೇಬಿಕಾ ತಳಿ ಎಲೆತುಕ್ಕು ರೋಗವನ್ನು ಕೆಲಕಾಲ ತಾಳಿಕೊಂಡಿತು, ಪೂರ್ವ ಆಫ್ರಿಕಾದವರೆಗೂ ಹೋಯಿತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದೇ ಕೆಂಟ್ಸ್ ತಳಿಯನ್ನು ಬಳಸಿ 1940ರ ದಶಕದಲ್ಲಿ ಎಸ್.795 ತಳಿಯನ್ನು ಕೊಟ್ಟಿತು. ಮಲೆನಾಡಿನ ತೋಟಗಳಿಗೆ ಅದು ನರ್ಸರಿಯಿಂದ ನರ್ಸರಿಗೆ ಬಂತೇ ಹೊರತು ಪೇಟೆಂಟಿನ ಹಂಗಿನಲ್ಲಲ್ಲ. ಮುಂದೆ ಸಸ್ಯ ತಳಿಗಳಿಗೆಂದೇ 2001ರಲ್ಲಿ ಬೇರೆ ಕಾಯ್ದೆ ಬಂತು. ಬೀಜ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ರೈತನ ಹಕ್ಕನ್ನು ಅದು ಒಪ್ಪಿತು. ತಂತ್ರಾಂಶಕ್ಕೆ ಅಂಥ ಪ್ರತ್ಯೇಕ ಕಾಯ್ದೆ ಬರಲಿಲ್ಲ. ಅದಕ್ಕಿದ್ದದ್ದು ಕೃತಿಸ್ವಾಮ್ಯ ಮಾತ್ರ: ಬರೆದ ಕೋಡ್‌ಗೆ ರಕ್ಷಣೆ, ಅದರ ಹಿಂದಿನ ಯೋಚನೆಗೆ ಇಲ್ಲ.

ಜಗಳವೆಲ್ಲ ‘ಪರ್ ಸೆ’ಯದು, ಅಂದರೆ ‘ಬರಿಯ ಪ್ರೋಗ್ರಾಂ’ ಎಂಬ ಮಿತಿಯದು. ಪ್ರೋಗ್ರಾಂ ಜೊತೆಗೆ ಬೇರೆ ಅಂಶಗಳೂ ಇದ್ದಾಗ ಪೇಟೆಂಟಿನ ಬಾಗಿಲು ಪೂರ್ತಿ ಮುಚ್ಚಬಾರದೆಂದು ಸಂಸತ್ತಿನ ಜಂಟಿ ಸಮಿತಿ ಅದನ್ನು ಸೇರಿಸಿತ್ತು. ಎಷ್ಟು ತೆರೆಯಬೇಕೆಂಬುದು ಮಾತ್ರ ತೀರ್ಮಾನವಾಗಲಿಲ್ಲ. 2004ರ ಡಿಸೆಂಬರಿನ ಸುಗ್ರೀವಾಜ್ಞೆ, ಕೈಗಾರಿಕೆಯಲ್ಲಿ ತಾಂತ್ರಿಕ ಬಳಕೆಯಿದ್ದರೆ ಅಥವಾ ಯಂತ್ರಾಂಶದೊಡನೆ ಕೂಡಿದ್ದರೆ ಪ್ರೋಗ್ರಾಂಗೂ ಪೇಟೆಂಟ್ ಸಿಗಬಹುದೆಂದಿತು. 2005ರ ಕಾಯ್ದೆಯಲ್ಲಿ ಸಂಸತ್ತು ಆ ಮಾತನ್ನು ಕೈಬಿಟ್ಟಿತು. ಪೇಟೆಂಟ್ ಕಚೇರಿ 2015ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿ ಮತ್ತೆ ಸಡಿಲವಾಗಿತ್ತು. ಸಣ್ಣ ಉತ್ಪನ್ನ ಕಂಪನಿಗಳ ಪರವಾದ ಐಸ್ಪಿರ್ಟ್, ಸ್ವತಂತ್ರ ತಂತ್ರಾಂಶದ ಬಳಗಗಳು ವಿರೋಧಿಸಿದ ಮೇಲೆ ಡಿಸೆಂಬರಿನಲ್ಲಿ ಅದು ತಡೆಯಾಯಿತು. 2016ರ ಫೆಬ್ರವರಿಯ ಪರಿಷ್ಕೃತ ಪ್ರತಿ ಹೊಸ ಯಂತ್ರಾಂಶವೇ ಬೇಕೆಂದಿತು. ಸ್ಪಷ್ಟವಾದ ಕಟ್ಟಳೆಯೇನೋ ಹೌದು, ಆದರೆ ತೀರಾ ಬಿಗಿ. 2017ರಲ್ಲಿ ಅದೂ ಹೋಯಿತು. 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ತಾಂತ್ರಿಕ ಪರಿಣಾಮವನ್ನು ನೋಡಬೇಕೆಂದಿತು. ಅಮೆರಿಕದಲ್ಲಿ ಗಾಳಿ ತಿರುಗಿ ಬೀಸುತ್ತಿತ್ತು: 2014ರ ಆಲಿಸ್ ತೀರ್ಪಿನ ನಂತರ ಅಲ್ಲಿ ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಅಮೂರ್ತ ಕಲ್ಪನೆಗೆ ಪೇಟೆಂಟ್ ಸಿಗುವುದು ನಿಂತಿತು.

‘ಪರ್ ಸೆ’ಯ ಅರ್ಥ ತಿಳಿಯಲು ಆನೇಮಹಲ್ ಸೀಮೆಯ ಆನೆಗಳೇ ಸಾಕು. ಕರ್ನಾಟಕ ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ, 2014ರ ವೇಳೆಗೆ ಆಲೂರಿನ ಕಡೆಯಿಂದ 22 ಆನೆಗಳನ್ನು ಹಿಡಿಯಲಾಯಿತು. ಹಾವಳಿ ನಿಲ್ಲಲಿಲ್ಲ. ರೇಡಿಯೊ ಕಾಲರ್, ಮೊಬೈಲ್ ಸಂದೇಶ, ರಸ್ತೆಬದಿಯ ಸೂಚನಾ ಫಲಕಗಳು ಬಂದವು. ಇಂಥ ಎಚ್ಚರಿಕೆ ವ್ಯವಸ್ಥೆಯೊಂದನ್ನು ಉದ್ಯಮಿ ಹೊಸದಾಗಿ ಕಟ್ಟಿದನೆನ್ನಿ. ಆನೆಯ ಠಾವು ನೋಡಿ ಯಾವ ಕೂಲಿ ಲೈನಿಗೆ ಮೊದಲು ಸಂದೇಶ ಹೋಗಬೇಕೆಂಬ ಲೆಕ್ಕಾಚಾರವಷ್ಟೇ ಅವನದಾದರೆ 3(ಕೆ) ಅಡ್ಡ ಬರುತ್ತದೆ. ಸಿಗ್ನಲ್ ಸಿಗದ ಕಣಿವೆಯಲ್ಲೂ ಕಾಲರಿನ ಬ್ಯಾಟರಿ ಉಳಿಸಿ ದತ್ತಾಂಶ ತಲುಪಿಸುವ ಹೊಸ ವಿಧಾನವಾದರೆ ವಾದಕ್ಕೆ ಎಡೆಯುಂಟು. ಅರ್ಜಿಯಲ್ಲಿ ತಾಂತ್ರಿಕ ಸಮಸ್ಯೆ, ಅದು ಬಗೆಹರಿದ ಬಗೆ, ಆದ ಪರಿಣಾಮ ಬಿಡಿಬಿಡಿಯಾಗಿ ಕಾಣಬೇಕು.

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗೆ ಆನ್‌ಲೈನ್ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. 2016ರಿಂದ ಸ್ಟಾರ್ಟ್‌ಅಪ್‌ಗೆ ಶೀಘ್ರ ಪರೀಕ್ಷೆಯ ಅವಕಾಶವೂ ಇದೆ. ಸಿಕ್ಕ ಪೇಟೆಂಟ್ ಅರ್ಜಿಯ ದಿನದಿಂದ 20 ವರ್ಷ. ಆದರೆ ಅರ್ಜಿ ಹಾಕುವ ಮುನ್ನವೇ ಉಪಾಯವನ್ನು ಸಭೆಯಲ್ಲಿ, ಪತ್ರಿಕೆಯಲ್ಲಿ ಬಿಚ್ಚಿಟ್ಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೊಸತನವೇ ಹೋಗುತ್ತದೆ. ಆಗ 3(ಕೆ)ಯ ಪ್ರಶ್ನೆ ಏಳುವುದೇ ಇಲ್ಲ.