ಅರಗಿನ ತಟ್ಟೆಯನ್ನು ಓದುವ ಬಗೆ

1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಮೇಣದ ಬಿಲ್ಲೆ, ತಗಡಿನ ಕಹಳೆಗಳನ್ನು ಹೂಡಿ ಕುಳಿತಿದ್ದರು. ಗಾಯಕಿ ಗೌಹರ್ ಜಾನ್ ಬಂದು ಆ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಿದರು, ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದರು. ಅದು ಬಿಂಕದ ಮಾತಲ್ಲ. ಮೇಣದ ಆ ಬಿಲ್ಲೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಕಾರ್ಖಾನೆಗೆ ಹೋಗಿ, ಅಲ್ಲಿ ತಟ್ಟೆಯಾಗಿ ಅಚ್ಚಾಗಬೇಕಿತ್ತು. ಹಿಂದೂಸ್ತಾನಿ ತಿಳಿಯದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾರ ಹೆಸರಿನ ಲೇಬಲ್ ಅಂಟಿಸಬೇಕೆಂದು ಆ ಕೂಗಿನಿಂದಲೇ ತಿಳಿಯುತ್ತಿದ್ದರು.

ಹಳೆಯ ತಟ್ಟೆಯ ವಯಸ್ಸು ಹಿಡಿಯುವ ಮೊದಲ ಸುಳಿವೂ ಇಲ್ಲೇ ಇದೆ. ಲೇಬಲ್ಲಿನ ಮೇಲೆ ಹ್ಯಾನೋವರಿನ ಹೆಸರಿದ್ದು, ಕಂಪನಿಯ ಹೆಸರಿನಲ್ಲಿ ‘ಟೈಪ್‌ರೈಟರ್’ ಕೂಡ ಇದ್ದರೆ ಅದು ಮೊದಲ ತಲೆಮಾರಿನ ಸರಕು. 1907ರ ಕೊನೆಗೆ ಕಂಪನಿ ಆ ಪದವನ್ನು ಕೈಬಿಟ್ಟಿತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ತಟ್ಟೆ ಒತ್ತುವ ಕಾರ್ಖಾನೆ ಶುರುವಾಯಿತು, 1928ರಲ್ಲಿ ದಮ್‌ದಮ್‌ನ ದೊಡ್ಡ ಕಾರ್ಖಾನೆ ಬಂತು. ಆದಿಯ ತಟ್ಟೆಗಳಲ್ಲಿ ಹಾಡು ಒಂದೇ ಮಗ್ಗುಲಲ್ಲಿರುತ್ತಿತ್ತು.

‘ನಾಯಿ ಮಾರ್ಕು’ ಕಂಡೊಡನೆ ಇದು ತೀರಾ ಹಳೆಯದೆಂದು ಹಿಗ್ಗುವವರಿದ್ದಾರೆ. ಫ್ರಾನ್ಸಿಸ್ ಬರಾಡ್ ಬರೆದ ಆ ಚಿತ್ರವನ್ನು ಕಂಪನಿ 1899ರಲ್ಲೇ ಕೊಂಡಿತಾದರೂ, ಲೇಬಲ್ಲಿನ ಮಟ್ಟಿಗೆ ನಾಯಿಗಿಂತ ಗರಿಯ ಲೇಖನಿ ಹಿಡಿದು ಕೂತ ರೆಕ್ಕೆಯ ದೇವತೆಯೇ ಹಿರಿಯಳು. ಎಲ್‌ಪಿಗಳ ಕಾಲದಲ್ಲಿ ಏಂಜಲ್ ಎಂಬ ಲೇಬಲ್ ಮತ್ತೆ ಬಂದದ್ದರಿಂದ ಚಿತ್ರವೊಂದನ್ನೇ ನೆಚ್ಚಿ ಕಾಲ ನಿರ್ಣಯಿಸುವಂತಿಲ್ಲ.

ಹೆಚ್ಚು ನಂಬಬಹುದಾದ ಸಾಕ್ಷಿ ಲೇಬಲ್ಲಿನ ಅಂಚಿನಲ್ಲಿದೆ. ಗೀರುಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೊರೆದ ಅಕ್ಷರ, ಅಂಕಿಗಳು ಎದ್ದು ಕಾಣುತ್ತವೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ, ಎಂದರೆ ಆ ಧ್ವನಿಮುದ್ರಣದ ಗುರುತು. ಗ್ರಾಮಫೋನ್ ಕಂಪನಿಯ ತಟ್ಟೆಯಲ್ಲಿ ಆ ಸಂಖ್ಯೆಯ ಪಕ್ಕ ಪುಟ್ಟ ತ್ರಿಕೋನವಿದ್ದರೆ, 1925ರಲ್ಲಿ ಬಂದ ವೆಸ್ಟರ್ನ್ ಎಲೆಕ್ಟ್ರಿಕ್ ವಿಧಾನದಲ್ಲಿ ಮೈಕ್ರೊಫೋನ್ ಬಳಸಿ ಮುದ್ರಿಸಿದ್ದು. ಚೌಕವಿದ್ದರೆ 1931ರಿಂದ ಬಳಕೆಗೆ ಬಂದ ಬ್ಲುಮ್ಲೈನ್ ವಿಧಾನದ್ದು. ಸಂಗೀತಪ್ರಿಯರಿಗೆ ಈ ಗುರುತುಗಳು ಮುಖ್ಯ. ಕಹಳೆಯ ಕಾಲದಲ್ಲಿ ಗಾಯಕರು ಕೂಗಿ ಹಾಡಬೇಕಿತ್ತು, ತಂಬೂರಿಯ ನಾದ ತಟ್ಟೆಗೆ ಇಳಿಯುತ್ತಲೇ ಇರಲಿಲ್ಲ. ಮೈಕ್ರೊಫೋನ್ ಬಂದ ಮೇಲೆ ಮೆಲುದನಿಗೂ ಜಾಗ ಸಿಕ್ಕಿತು.

ಕಹಳೆಗೆ ತಮ್ಮ ಹೆಸರು ಕೂಗಿದ ಗೌಹರ್ ಜಾನರ ಕೊನೆಯ ದಿನಗಳು ಕಳೆದದ್ದು ಕನ್ನಡ ನೆಲದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಅರಮನೆಯ ವಿದುಷಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಮೈಸೂರು ಒಡೆಯರ ಚರಿತ್ರೆಗಾಗಿ ಅರಮನೆಯ ಕಡತಗಳನ್ನು ತಿರುವುತ್ತಿದ್ದ ಬೆಂಗಳೂರಿನ ವಿಕ್ರಮ್ ಸಂಪತ್ ಅಲ್ಲಿ ಈಕೆಯ ಜಾಡು ಹಿಡಿದರು, 2010ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು.

ಲೇಬಲ್ಲಿನ ಮೇಲಿನ ಹೆಸರನ್ನು ಇದ್ದಂತೆಯೇ ನಂಬಲೂ ಬಾರದು. 1930ರ ದಶಕದ ನಾಯಿ ಮಾರ್ಕಿನ ಎಚ್‌ಎಂವಿ ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹುಬ್ಬಳ್ಳಿಯ ಗಾಯಕಿಯ ಹೆಸರಿದೆ. ಆಕೆ ಬೇರಾರೂ ಅಲ್ಲ, ಗಂಗೂಬಾಯಿ ಹಾನಗಲ್. ಮುಂದೆ ಗಂಟಲ ಚಿಕಿತ್ಸೆಯ ನಂತರ ಅವರ ದನಿ ಗಂಭೀರವಾಗಿ ಬದಲಾಯಿತು. ಆ ಗಂಡುದನಿಯನ್ನಷ್ಟೇ ಬಲ್ಲವರಿಗೆ ‘ಗಾಂಧಾರಿ’ಯ ಏರುಶ್ರುತಿಯ ತೆಳುಕಂಠ ಇನ್ನಾರದೋ ಎನಿಸುತ್ತದೆ. ಸಂತೆಯಲ್ಲಿ ಅಂಥ ತಟ್ಟೆ ಕೈಗೆ ಸಿಕ್ಕರೂ ಹೆಸರಿನ ಗುಟ್ಟು ತಿಳಿಯದವರು ಅದನ್ನು ಬದಿಗೆ ಸರಿಸಿ ಮುಂದೆ ಹೋಗುತ್ತಾರೆ.

ಬೆಲೆ ಕಟ್ಟುವಾಗ ಮೊದಲು ನೋಡಬೇಕಾದ್ದು ತಟ್ಟೆ ಯಾವುದರಿಂದ ಆಗಿದೆ ಎಂಬುದನ್ನು. ನಿಮಿಷಕ್ಕೆ 78 ಸುತ್ತಿನ ತಟ್ಟೆಗಳು ಬಹುಪಾಲು ಅರಗಿನವು. ನಮ್ಮ ಕಾಡುಗಳ ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತಿದವು. ಅವು ತೂಕ ಹೆಚ್ಚು, ಕೈಜಾರಿದರೆ ಚೂರು. 1948ರಲ್ಲಿ ಅಮೆರಿಕದಲ್ಲಿ ಬಂದ ವಿನೈಲ್ ಎಲ್‌ಪಿ ಬಾಗುತ್ತದೆ, ಸುಲಭಕ್ಕೆ ಒಡೆಯದು. ಉಕ್ಕಿನ ಮುಳ್ಳು ಉಜ್ಜಿ ಸವೆದ ಅರಗಿನ ತಟ್ಟೆಯ ಗೀರುಗಳು ಕಪ್ಪು ಹೊಳಪು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗಿರುತ್ತವೆ. ಹಾಗಾದ ತಟ್ಟೆಯಲ್ಲಿ ಹಾಡಿಗಿಂತ ಗರಗರ ಸದ್ದೇ ಹೆಚ್ಚು, ಬೆಲೆಯೂ ಅಷ್ಟಕ್ಕಷ್ಟೆ. ಸ್ವಚ್ಛ ಮಾಡುವ ಉತ್ಸಾಹದಲ್ಲಿ ಸ್ಪಿರಿಟ್ ಹಚ್ಚಿದರಂತೂ ಅರಗೇ ಕರಗಿ ತಟ್ಟೆ ಹಾಳಾಗುತ್ತದೆ.

ಹಳೆಯದೆಲ್ಲ ದುಬಾರಿಯಲ್ಲ. ಜನಪ್ರಿಯ ಚಿತ್ರಗೀತೆಯ ತಟ್ಟೆಗಳು ರಾಶಿರಾಶಿಯಾಗಿ ಮಾರಾಟವಾದವು, ಆದ್ದರಿಂದ ಇಂದಿಗೂ ಸುಲಭವಾಗಿ ಸಿಗುತ್ತವೆ. ಬೀಟಲ್ಸ್ ತಂಡದ 78 ಸುತ್ತಿನ ತಟ್ಟೆಗಳ ಕಥೆ ಇದಕ್ಕೆ ತದ್ವಿರುದ್ಧ. ಬ್ರಿಟನ್ನಿನಲ್ಲಿ 78ರ ಕಾಲ ಮುಗಿದ ಮೇಲೂ, ಕರೆಂಟಿಲ್ಲದ ಊರುಗಳಲ್ಲಿ ಕೀಲಿ ತಿರುಗಿಸುವ ಗ್ರಾಮಫೋನುಗಳಿದ್ದ ಭಾರತದಲ್ಲಿ ಅಂಥ ತಟ್ಟೆಗಳು ಅಚ್ಚಾಗುತ್ತಲೇ ಇದ್ದವು. ಹಾಗೆ 1960ರ ದಶಕದ ನಡುವೆ ಪಾರ್ಲೊಫೋನ್ ಲೇಬಲ್ಲಿನಲ್ಲಿ ಇಲ್ಲಿ ಹೊರಬಂದ ಬೀಟಲ್ಸ್ ತಟ್ಟೆಗಳಿಗೆ ಜಗತ್ತಿನ ಸಂಗ್ರಾಹಕರು ದೊಡ್ಡ ಮೊತ್ತ ತೆರುತ್ತಾರೆ. ಎಚ್‌ಎಂವಿ ಎಲ್‌ಪಿಗಳಲ್ಲಿ ಕ್ಯಾಟಲಾಗ್ ಸಂಖ್ಯೆಯೇ ಒಂದಿಷ್ಟು ಹೇಳುತ್ತದೆ: ಇಸಿಎಲ್‌ಪಿ ಎಂದಿದ್ದರೆ ಮೋನೊ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ.

ಹಳೆಯ ತಟ್ಟೆಗಳನ್ನು ಮತ್ತೆ ಕರಗಿಸಿ ಬಳಸಿದ್ದೂ ಉಂಟು. ಎರಡನೇ ಮಹಾಯುದ್ಧದಲ್ಲಿ ಅರಗಿನ ಅಭಾವವಾದಾಗ, 1942ರಲ್ಲಿ ಅಮೆರಿಕ ಅದರ ಬಳಕೆಗೆ ಕಡಿವಾಣ ಹಾಕಿತು, ಜನರಿಂದ ಹಳೆಯ ತಟ್ಟೆಗಳನ್ನು ವಾಪಸು ಪಡೆಯಲಾಯಿತು. ನಮ್ಮಲ್ಲಿ ಗೆದ್ದಲು, ಗುಜರಿ, ಮನೆ ಬದಲಾವಣೆಗಳು ಅವನ್ನು ಇಲ್ಲವಾಗಿಸಿದವು.

ಉಳಿದದ್ದನ್ನು ಗುರುತಿಸಲು ಇಂದು ನೆರವಿದೆ. ಮೈಕೆಲ್ ಕಿನಿಯರ್ ಭಾರತದ ಆದಿಕಾಲದ ಮುದ್ರಣಗಳನ್ನು ಸಂಖ್ಯೆವಾರು ಪಟ್ಟಿ ಮಾಡಿ 1994ರಲ್ಲಿ ಪ್ರಕಟಿಸಿದರು. ಮುಂಬಯಿಯ ರೆಕಾರ್ಡು ಸಂಗ್ರಾಹಕರ ಸಂಘ 1990ರಿಂದ ಸಂಗ್ರಾಹಕರನ್ನು ಒಂದೆಡೆ ಸೇರಿಸುತ್ತ ಬಂದಿದೆ. ವಿಕ್ರಮ್ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಕೇಳುಗರಿಗೆ ಒದಗಿಸುತ್ತಿದೆ. ಒಂದು ಹಾಡು ಈಗಾಗಲೇ ಹೀಗೆ ಉಳಿದಿದ್ದರೂ ಅದರ ಕಡಿಮೆ ಸವೆದ ಇನ್ನೊಂದು ಪ್ರತಿ ಸಿಕ್ಕರೆ ದನಿ ಮತ್ತಷ್ಟು ನಿಚ್ಚಳವಾಗುತ್ತದೆ. ಹಾಗಾಗಿ ಅಟ್ಟದ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಂದೊಂದೇ ತಟ್ಟೆಯನ್ನು ಹೊರತೆಗೆದು, ಅಂಚಿನ ಸಂಖ್ಯೆ, ಲೇಬಲ್ಲಿನ ಹೆಸರುಗಳನ್ನು ಬರೆದಿಟ್ಟುಕೊಂಡು ಬಲ್ಲವರಿಗೆ ತೋರಿಸಬೇಕು.