ಕಡಲಿಲ್ಲದ ಊರಿಗೆ ಕಡಲಿನ ಲೆಕ್ಕ

ಹೈದರಾಬಾದಿಗೆ ಅತಿ ಹತ್ತಿರದ ಕಡಲತೀರವೂ 250 ಕಿ.ಮೀ.ಗಿಂತ ದೂರ. ಆದರೂ ಮಲ್ಪೆ, ಕಾರವಾರದ ಬೋಟಿನವರು ಯಾವ ದಿಕ್ಕಿಗೆ ಹೋದರೆ ಮೀನು ಸಿಕ್ಕೀತು, ಅಲೆ ಎಷ್ಟು ಎತ್ತರ ಎದ್ದೀತು ಎಂಬ ಸೂಚನೆ ಹೊರಡುವುದು ಇಲ್ಲಿನ ಪ್ರಗತಿನಗರದಿಂದಲೇ. ‘ಇನ್‌ಕಾಯ್ಸ್’ ಎಂದೇ ಹೆಸರಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ 1999ರಲ್ಲಿ ಇಲ್ಲಿ ಶುರುವಾಯಿತು. ಉಪಗ್ರಹಗಳ ಮಾಹಿತಿ ಹಿಡಿಯುವ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಮೊದಲೇ ಈ ಊರಿನಲ್ಲಿತ್ತು. ಮೀನಿನ ನೆಲೆ ಸೂಚಿಸುವ ಕೆಲಸವೂ ಅಲ್ಲೇ ಮೊಳೆತಿತ್ತು.

ಉಪಗ್ರಹ ಬರುವ ಮುಂಚೆ ಕಡಲಿನ ಲೆಕ್ಕವೆಲ್ಲ ಹಡಗಿನವರದ್ದು.

1881ರಲ್ಲಿ ಮುಂಬೈ ಹಡಗುಕಟ್ಟೆಯಲ್ಲಿ ‘ಇನ್ವೆಸ್ಟಿಗೇಟರ್’ ಎಂಬ ಉಗಿಹಡಗು ಸಿದ್ಧವಾಯಿತು. ಕರಾವಳಿಯ ನಕ್ಷೆ ಬರೆಯುವುದು ಅದರ ಮುಖ್ಯ ಕೆಲಸ. ಹಡಗಿನ ವೈದ್ಯರೇ ಪ್ರಾಣಿಶಾಸ್ತ್ರಜ್ಞರೂ ಆಗಿರುತ್ತಿದ್ದರು. 1888ರಲ್ಲಿ ಆ ಹುದ್ದೆಗೆ ಬಂದ ಆಲ್ಫ್ರೆಡ್ ಆಲ್ಕಾಕ್ ಆಳಸಮುದ್ರದ ಜೀವಿಗಳನ್ನು ರಾಶಿ ರಾಶಿಯಾಗಿ ಮೇಲಕ್ಕೆಳೆಸಿದರು. ಸ್ವಾತಂತ್ರ್ಯಾನಂತರವೂ ದೇಶಕ್ಕೆ ದೊಡ್ಡ ಸಂಶೋಧನಾ ನೌಕೆ ಇರಲಿಲ್ಲ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಗೆ ನೌಕಾಪಡೆಯ ಯುದ್ಧನೌಕೆ ‘ಕಿಸ್ತ್ನಾ’ವನ್ನೇ ಕಳಿಸಬೇಕಾಯಿತು. ಆ ಅನ್ವೇಷಣೆಯ ಬೆನ್ನಿಗೇ 1966ರಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು. ಅದಕ್ಕೆ ಸಿಕ್ಕ ‘ಗವೇಷಣಿ’ ಮೂಲತಃ ಹೂಳು ಸಾಗಿಸುವ ಬಾರ್ಜ್, ಕಲ್ಕತ್ತೆಯಲ್ಲಿ ಮಾರ್ಪಾಡಾದದ್ದು. ಆ ಬಾರ್ಜೇ 1981ರ ಜನವರಿಯಲ್ಲಿ ಸಾಗರತಳದಿಂದ ಬಹುಲೋಹದ ಗಂಟುಗಳನ್ನು ಎತ್ತಿ ತಂದಿತು. 1983ರಲ್ಲಿ ಜರ್ಮನಿಯಿಂದ ನೂರು ಮೀಟರ್ ಉದ್ದದ ‘ಸಾಗರ ಕನ್ಯಾ’ ಬಂತು.

ಇಂಥ ಹಡಗುಗಳು ದಡದ ತೀರಾ ಹತ್ತಿರ ಬರಲಾರವು. ಚರಂಡಿ, ಕಾರ್ಖಾನೆಗಳ ನೀರು ಸೇರುವುದಾದರೋ ದಡದಲ್ಲೇ. 1990ರ ದಶಕದ ಆರಂಭದಲ್ಲಿ ಕರಾವಳಿ ಮಾಲಿನ್ಯ ಅಳೆಯುವ ‘ಕೊಮ್ಯಾಪ್ಸ್’ ಯೋಜನೆ ಶುರುವಾಯಿತು. 1996ರಲ್ಲಿ ಅದಕ್ಕೆಂದೇ ‘ಸಾಗರ ಪೂರ್ವಿ’, ‘ಸಾಗರ ಪಶ್ಚಿಮಿ’ ಎಂಬ ಎರಡು ಚಿಕ್ಕ ನೌಕೆಗಳು ನೀರಿಗಿಳಿದವು.

ಇಂಥ ಚಿಕ್ಕ ನೌಕೆಗಳ ಡೆಕ್ಕಿನ ಮೇಲೆ ನಡೆಯುವ ಕೆಲಸ ನೋಡಲು ಸರಳ. ಎರಡೂ ತುದಿ ತೆರೆದ ಕೊಳವೆಯಂಥ ಬಾಟಲಿಯನ್ನು ತಂತಿಗೆ ಕಟ್ಟಿ ಇಳಿಸುತ್ತಾರೆ. ಬೇಕಾದ ಆಳ ಮುಟ್ಟಿದ ಮೇಲೆ ತಂತಿಯಗುಂಟ ಒಂದು ಲೋಹದ ಗುಂಡು ಜಾರಿಬಿಡುತ್ತಾರೆ. ಅದು ಬಡಿದೊಡನೆ ಮುಚ್ಚಳಗಳು ಪಟ್ಟನೆ ಮುಚ್ಚಿ ಆ ಆಳದ ನೀರು ಒಳಗೇ ಉಳಿಯುತ್ತದೆ. ಮೇಲೆ ಬಂದ ನೀರನ್ನು ಗಾಳಿಗುಳ್ಳೆ ಸೇರದಂತೆ ಗಾಜಿನ ಶೀಶೆಗೆ ತುಂಬಿ, ಮ್ಯಾಂಗನೀಸ್ ಲವಣವನ್ನೂ ಕ್ಷಾರ ಬೆರೆತ ಅಯೋಡೈಡನ್ನೂ ಹಾಕುತ್ತಾರೆ. ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ.

ಈ ಬಣ್ಣ ಉಪಗ್ರಹಕ್ಕೆ ಕಾಣದು. ಮಳೆಗಾಲದ ಕೊನೆಗೆ ಕಾರವಾರ, ಗೋವಾದ ಎದುರಿನ ಕಡಲಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾದ ನೀರು ದಡದತ್ತ ಏರಿಬರುತ್ತದೆ. ಮೇಲ್ಮೈ ಮಾತ್ರ ಎಂದಿನಂತೆಯೇ ಇರುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆದ್ದು ಮಾಹಿತಿ ಕಳಿಸುವ ಆರ್ಗೋ ತೇಲುಯಂತ್ರಗಳ ಲೆಕ್ಕ ಇನ್‌ಕಾಯ್ಸ್‌ಗೆ ಬರುತ್ತದೆ. ಆದರೆ ಅವು ತೆರೆದ ಸಾಗರಕ್ಕೆಂದು ರೂಪಿಸಿದವು, ದಡದ ಆಳವಿಲ್ಲದ ನೀರಿಗಲ್ಲ.

ಹಾಗಾಗಿ ಚಿಕ್ಕ ನೌಕೆಗಳ ಸಾಲು ಮುಂದುವರಿದಿದೆ. ‘ಸಾಗರ ತಾರಾ’, ‘ಸಾಗರ ಅನ್ವೇಷಿಕಾ’ ಎಂಬ 43 ಮೀಟರ್ ಉದ್ದದ ಜೋಡಿ ಈಗ ಕರಾವಳಿಯಲ್ಲಿದೆ. ಅನ್ವೇಷಿಕಾ 2021ರ ಜನವರಿಯಲ್ಲಿ ಚೆನ್ನೈಯಲ್ಲಿ ಸೇವೆಗೆ ಸೇರಿತು. ದಡದ ಬಳಿ ಲಂಗರು ಹಾಕಿ ತೇಲಬಿಟ್ಟ ಯಂತ್ರಗಳು ತಾವಾಗಿಯೇ ಮಾಹಿತಿ ಕಳಿಸುತ್ತವೆ, ನಿಜ. ಆದರೆ ಕೆಲವೇ ವಾರಗಳಲ್ಲಿ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡು ಅವುಗಳ ಅಳತೆ ಕೆಡುತ್ತದೆ. ಕೆರೆದು ಶುಚಿಮಾಡಿ, ಬಾಟಲಿಯ ನೀರಿನೊಡನೆ ತಾಳೆ ನೋಡಿ ಬರಲು ಬೋಟೇ ಹೋಗಬೇಕು.